ಹಳೆಯ ಕಂಪ್ಯೂಟರಿಗೆ ದೊಡ್ಡ ಹಾರ್ಡ್ ಡಿಸ್ಕ್: ಪದೇ ಪದೇ ಕೇಳುವ ಪ್ರಶ್ನೆಗಳು

ಬಳ್ಳಾರಿ, ಕೊಪ್ಪಳ, ರಾಯಚೂರು ಜಿಲ್ಲೆಗಳ ಅಂಗಡಿ, ಶಾಲೆ, ಅಕ್ಕಿ ಗಿರಣಿ ಮತ್ತು ಮನೆಗಳಲ್ಲಿ ಹತ್ತು, ಹದಿನೈದು, ಕೆಲವೆಡೆ ಇಪ್ಪತ್ತು ವರ್ಷಗಳ ಹಿಂದೆ ಕೊಂಡ ಕಂಪ್ಯೂಟರುಗಳು ಇಂದಿಗೂ ದುಡಿಯುತ್ತಿವೆ. ಅವುಗಳ ಡಿಸ್ಕ್ ತುಂಬಿದಾಗ ಜನರು ಬಳ್ಳಾರಿಯಲ್ಲಿ ಎದುರು ಸಿಕ್ಕಾಗಲೂ ಪತ್ರಗಳಲ್ಲಿಯೂ ನನ್ನನ್ನು ಕೇಳುತ್ತ ಬಂದ ಪ್ರಶ್ನೆಗಳನ್ನು ಅವರ ಮಾತಿನಲ್ಲಿಯೇ ಇಟ್ಟು, ಸರಳವಾದವು ಮೊದಲು, ತೊಡಕಿನವು ಕೊನೆಗೆ ಬರುವಂತೆ ಇಲ್ಲಿ ಜೋಡಿಸಿದ್ದೇನೆ.

## ಮೊದಲ ಪ್ರಶ್ನೆಗಳು

ನಮ್ಮ ಸಿಸ್ಟಮ್ ಹದಿನೈದು ವರ್ಷ ಹಳೆಯದು ಸರ್. ಇದಕ್ಕೆ ಹೊಸ ಡಿಸ್ಕ್ ಹಾಕಿಸಿದರೆ ದುಡ್ಡು ದಂಡವಾಗುವುದಿಲ್ಲವೇ?

ಕಂಪ್ಯೂಟರ್ ನಿಧಾನವಾಗಿದೆಯೋ ಅಥವಾ ಜಾಗ ಮುಗಿದಿದೆಯೋ ಎಂಬುದನ್ನು ಮೊದಲು ಬಿಡಿಸಿ ನೋಡಬೇಕು, ಏಕೆಂದರೆ ಇವೆರಡೂ ಬೇರೆ ಬೇರೆ ಕಾಯಿಲೆಗಳು. ಗಂಗಾವತಿಯ ಗಿರಣಿಯೊಂದರಲ್ಲಿ ಟ್ಯಾಲಿ ಲೆಕ್ಕ ಬರೆಯುವ ಯಂತ್ರದ ಡಿಸ್ಕಿನಲ್ಲಿ ಅರ್ಧಕ್ಕಿಂತ ಹೆಚ್ಚು ಜಾಗ ಖಾಲಿ ಇದ್ದರೂ ಅದು ಆರಂಭವಾಗಲು ಐದು ನಿಮಿಷ ಹಿಡಿಯುತ್ತಿದ್ದರೆ, ದೊಡ್ಡ ಡಿಸ್ಕಿನಿಂದ ಪ್ರಯೋಜನವಿಲ್ಲ. ವೇಗದ ಡಿಸ್ಕ್ ಬೇಕು. ಮದುವೆಯ ಫೋಟೋ ಮತ್ತು ವಿಡಿಯೋ ಇಟ್ಟುಕೊಳ್ಳುವ ಸ್ಟುಡಿಯೋದವರಿಗೆ ಜಾಗವೇ ಮುಖ್ಯ. ಯಂತ್ರ ಬೇರೆಲ್ಲ ರೀತಿಯಲ್ಲಿ ನೆಟ್ಟಗಿದ್ದರೆ ಡಿಸ್ಕಿಗೆ ಹಾಕಿದ ಹಣ ವ್ಯರ್ಥವಾಗುವುದಿಲ್ಲ, ಏಕೆಂದರೆ ಸಾಟಾ ಎಂಬ ಬಗೆಯ ಕನೆಕ್ಟರಿರುವ ಡಿಸ್ಕನ್ನು ನಾಳೆ ಹೊಸ ಕಂಪ್ಯೂಟರಿಗೂ ಬಿಚ್ಚಿ ಹಾಕಬಹುದು. ಇಂಟರ್ನೆಟ್ ಬಳಸುವವರು ಒಂದು ಸಂಗತಿಯನ್ನು ಗಮನದಲ್ಲಿಡಬೇಕು: ವಿಂಡೋಸ್ 7ಕ್ಕೆ 2020ರ ಜನವರಿಯಲ್ಲಿಯೂ ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದೂ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ ಮುಗಿದಿದೆ. ಡಿಸ್ಕ್ ಬದಲಾಯಿಸುವ ಹೊತ್ತಿನಲ್ಲಿಯೇ ವಿಂಡೋಸ್ ಬದಲು ಬಳಸಬಹುದಾದ ಉಚಿತ ಲಿನಕ್ಸ್‌ಗೆ ಹೋಗುವ ಬಗ್ಗೆ ಯೋಚಿಸುವುದು ಒಳ್ಳೆಯದು.

ಸಿ ಡ್ರೈವ್ ಕೆಂಪಗಾಗಿದೆ. ಹೊಸದು ತರಲೇಬೇಕೇ?

ಯಾವಾಗಲೂ ಬೇಕಾಗುವುದಿಲ್ಲ. ಒಂದೇ ಡಿಸ್ಕನ್ನು ಸಿ, ಡಿ, ಇ ಎಂದು ಸಮನಾಗಿ ಹಂಚಿ ಕೊಡುವ ರೂಢಿ ನಮ್ಮಲ್ಲಿ ಬಹಳ ಕಾಲದಿಂದ ಇರುವುದರಿಂದ, ಸಿ ತುಂಬಿ ತುಳುಕುತ್ತಿರುವಾಗ ಇ ಖಾಲಿ ಬಿದ್ದಿರುತ್ತದೆ. ಡೆಸ್ಕ್‌ಟಾಪ್ ಮೇಲೆ ಮತ್ತು ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಇರುವುದೆಲ್ಲ ಸಿ ಡ್ರೈವಿನ ಜಾಗವನ್ನೇ ತಿನ್ನುತ್ತದೆ. ಅವನ್ನು ಪಕ್ಕದ ವಿಭಾಗಕ್ಕೆ ಸಾಗಿಸಿ, ಡಿಸ್ಕ್ ಕ್ಲೀನಪ್ ಮಾಡಿ, ಆಗಲೂ ಎಲ್ಲ ವಿಭಾಗಗಳೂ ತುಂಬಿದ್ದರೆ ಮಾತ್ರ ಹೊಸದನ್ನು ಕೊಳ್ಳಿ.

500 ಜಿಬಿ ಅಂತ ಹೇಳಿ ಕೊಟ್ಟರು, ಕಂಪ್ಯೂಟರಿನಲ್ಲಿ 465 ತೋರಿಸುತ್ತಿದೆ. ಅಂಗಡಿಯವರು ಮೋಸ ಮಾಡಿದರೇ?

ಮೋಸವಲ್ಲ, ಅಳತೆಯ ವ್ಯತ್ಯಾಸ. ಡಿಸ್ಕ್ ತಯಾರಕರು ಒಂದು ಜಿಬಿಯನ್ನು 100 ಕೋಟಿ ಬೈಟ್ ಎಂದು ಎಣಿಸುತ್ತಾರೆ. ವಿಂಡೋಸ್ ಮಾತ್ರ 1,07,37,41,824 ಬೈಟುಗಳನ್ನು ಒಂದು ಜಿಬಿ ಎಂದು ತೋರಿಸುತ್ತದೆ. 50,000 ಕೋಟಿ ಬೈಟುಗಳನ್ನು ಈ ಸಂಖ್ಯೆಯಿಂದ ಭಾಗಿಸಿದರೆ 465 ಬರುತ್ತದೆ. ಇದೇ ಲೆಕ್ಕದಲ್ಲಿ 1 ಟಿಬಿ ಎಂದರೆ 931 ಜಿಬಿ, 2 ಟಿಬಿ ಎಂದರೆ ಸುಮಾರು 1,863 ಜಿಬಿ. ಆದರೆ 500 ಜಿಬಿಯ ಡಿಸ್ಕ್ 128 ಎಂದೋ 32 ಎಂದೋ ತೋರಿಸಿದರೆ ಅದಕ್ಕೆ ಬೇರೆಯೇ ಕಾರಣವಿದೆ. ಮುಂದೆ ಅದನ್ನು ಹೇಳಿದ್ದೇನೆ.

ಹಳೆಯದನ್ನು ತೆಗೆದುಬಿಡಬೇಕೋ, ಅದರ ಜೊತೆಗೇ ಇನ್ನೊಂದು ಕೂಡಿಸಬಹುದೋ?

ಡೆಸ್ಕ್‌ಟಾಪ್ ಆಗಿದ್ದು, ಹಳೆಯ ಡಿಸ್ಕ್ ಆರೋಗ್ಯವಾಗಿದ್ದರೆ ಕೂಡಿಸುವುದೇ ಸುಲಭ ಮತ್ತು ಸುರಕ್ಷಿತ. ವಿಂಡೋಸ್ ಇದ್ದಲ್ಲಿಯೇ ಇರುತ್ತದೆ, ತಂತ್ರಾಂಶಗಳನ್ನು ಮತ್ತೆ ಹಾಕುವ ಕೆಲಸ ಬರುವುದಿಲ್ಲ, ಹೊಸ ಡಿಸ್ಕ್ ಬರೀ ಉಗ್ರಾಣವಾಗಿ ಸೇರುತ್ತದೆ. ಆದರೆ ಹಳೆಯ ಡಿಸ್ಕ್ ಏಳೆಂಟು ವರ್ಷ ದಾಟಿದ್ದರೆ ನಾನು ಬದಲಾಯಿಸುವುದಕ್ಕೇ ಹೇಳುತ್ತೇನೆ. ಸುತ್ತುವ ತಟ್ಟೆ ಮತ್ತು ಬೇರಿಂಗುಗಳಿರುವ ಯಂತ್ರಭಾಗ ಅದು, ಸವೆಯುತ್ತದೆ. ಹೊಸದಕ್ಕೆ ಎಲ್ಲವನ್ನೂ ಸಾಗಿಸಿ, ಹಳೆಯದನ್ನು ಬೀರುವಿನಲ್ಲಿ ಪ್ರತಿಯಾಗಿ ಎತ್ತಿಟ್ಟುಕೊಳ್ಳುವುದು ಅದರ ಸದುಪಯೋಗ.

## ಕೊಳ್ಳುವ ಮುನ್ನ

ನನ್ನದು ಐಡಿಇ ಇದೆಯೋ ಸಾಟಾ ಇದೆಯೋ ಗೊತ್ತಾಗುವುದು ಹೇಗೆ?

ಐಡಿಇ, ಸಾಟಾ ಎಂಬುವು ಡಿಸ್ಕನ್ನು ಮದರ್‌ಬೋರ್ಡಿಗೆ ಜೋಡಿಸುವ ಹಳೆಯ ಮತ್ತು ಹೊಸ ಕ್ರಮಗಳು. ಕ್ಯಾಬಿನೆಟ್ಟಿನ ಪಕ್ಕದ ತಗಡು ಬಿಚ್ಚಿದರೆ ಕಣ್ಣಿಗೇ ಗೊತ್ತಾಗುತ್ತದೆ. ಎರಡು ಇಂಚು ಅಗಲದ, ರಿಬ್ಬನ್ನಿನಂಥ ಬೂದು ಪಟ್ಟಿ ಡಿಸ್ಕಿಗೆ ಹೋಗಿದ್ದು, ಪಕ್ಕದಲ್ಲಿ ನಾಲ್ಕು ದಪ್ಪ ಪಿನ್ನುಗಳ ವಿದ್ಯುತ್ ಕನೆಕ್ಟರ್ ಇದ್ದರೆ ಅದು ಐಡಿಇ. ಬೆರಳಿಗಿಂತ ಕಿರಿದಾದ, ಏಳು ಸಂಪರ್ಕಗಳ ಕೇಬಲ್ ಮತ್ತು ಚಪ್ಪಟೆಯಾದ ಹದಿನೈದು ಸಂಪರ್ಕಗಳ ವಿದ್ಯುತ್ ಕನೆಕ್ಟರ್ ಇದ್ದರೆ ಅದು ಸಾಟಾ. ಸಾಟಾ 2003ರಲ್ಲಿ ಮಾರುಕಟ್ಟೆಗೆ ಬಂದರೂ ಮುಂದಿನ ಕೆಲವು ವರ್ಷ ಎರಡೂ ಇರುವ ಮದರ್‌ಬೋರ್ಡುಗಳು ಬಂದವು. ಆದ್ದರಿಂದ ನಿಮ್ಮ ಡಿಸ್ಕ್ ಐಡಿಇ ಆಗಿದ್ದರೂ ಬೋರ್ಡಿನ ಮೇಲೆ ಖಾಲಿ ಸಾಟಾ ಪೋರ್ಟ್ ಇದೆಯೇ ಎಂದು ಟಾರ್ಚ್ ಹಿಡಿದು ಹುಡುಕಿ. ಇದ್ದರೆ ಸಾಟಾ ಡಿಸ್ಕನ್ನೇ ಕೊಳ್ಳಿ, ಏಕೆಂದರೆ ಹೊಸ ಐಡಿಇ ಡಿಸ್ಕುಗಳ ತಯಾರಿಕೆ ನಿಂತು ಬಹಳ ಕಾಲವಾಯಿತು. ಪೋರ್ಟ್ ಇಲ್ಲವೆಂದಾದರೆ ಬೋರ್ಡಿನ ಮೇಲೆ ಕಾರ್ಡುಗಳನ್ನು ಚುಚ್ಚುವ ಪಿಸಿಐ ಸ್ಲಾಟಿಗೆ ಹಾಕುವ ಸಾಟಾ ಕಾರ್ಡ್ ಒಂದು ದಾರಿ.

ಹಳೆಯ ಸಿಸ್ಟಮ್ ಎಷ್ಟು ದೊಡ್ಡ ಡಿಸ್ಕ್ ಹಿಡಿಯುತ್ತದೆ? ಒಬ್ಬರು 137 ಅನ್ನುತ್ತಾರೆ, ಇನ್ನೊಬ್ಬರು 2 ಟಿಬಿ ಅನ್ನುತ್ತಾರೆ. ಯಾವುದು ಸರಿ?

ಇಬ್ಬರೂ ಸರಿ, ಬೇರೆ ಬೇರೆ ಕಾಲದ ಯಂತ್ರಗಳನ್ನು ಕುರಿತು ಹೇಳುತ್ತಿದ್ದಾರೆ ಅಷ್ಟೆ. ನನಗೆ ಬರುವ ಪ್ರಶ್ನೆಗಳಲ್ಲಿ ವಿವರವಾಗಿ ತಿಳಿದುಕೊಳ್ಳಬೇಕಾದದ್ದು ಇದೇ, ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಡಿಸ್ಕಿನ ಮೇಲಿನ ಜಾಗವನ್ನು ಸೆಕ್ಟರ್ ಎಂಬ ಸಣ್ಣ ಮನೆಗಳಾಗಿ ಹಂಚಿರುತ್ತಾರೆ. ಬಹುಕಾಲ ಒಂದೊಂದು ಮನೆಯಲ್ಲಿ 512 ಬೈಟುಗಳು ಇರುತ್ತಿದ್ದವು. ಪ್ರತಿಯೊಂದು ಮನೆಗೂ ಒಂದು ಸಂಖ್ಯೆಯ ವಿಳಾಸವಿರುತ್ತದೆ. ಅಂಚೆಯ ಲಕೋಟೆಯ ಮೇಲೆ ಮನೆ ಸಂಖ್ಯೆಗೆ ಮೂರೇ ಅಂಕಿಗಳ ಜಾಗವಿದ್ದರೆ ಸಾವಿರನೆಯ ಮನೆಗೆ ಕಾಗದ ತಲುಪಿಸಲು ಆಗುವುದಿಲ್ಲವಲ್ಲ, ಹಾಗೆಯೇ ವಿಳಾಸ ಬರೆಯಲು ಎಷ್ಟು ಬಿಟ್ ಕೊಟ್ಟಿದ್ದಾರೋ ಅಷ್ಟೇ ಮನೆಗಳನ್ನು ಕಂಪ್ಯೂಟರ್ ಮುಟ್ಟಬಲ್ಲದು. ಹಳೆಯ ಕ್ರಮದಲ್ಲಿ ಸಿಲಿಂಡರ್, ಹೆಡ್, ಸೆಕ್ಟರ್ ಎಂಬ ಮೂರು ಅಂಕಿಗಳ ವಿಳಾಸವಿತ್ತು. ಬಯಾಸ್ (ಕಂಪ್ಯೂಟರ್ ಆನ್ ಆದೊಡನೆ ಮೊದಲು ಓಡುವ, ಬೋರ್ಡಿನಲ್ಲಿಯೇ ಇರುವ ತಂತ್ರಾಂಶ) ಮತ್ತು ಡಿಸ್ಕ್ ಒಪ್ಪಿಕೊಳ್ಳುವ ಮಿತಿಗಳು ಹೊಂದದೆ 528 ಎಂಬಿಗೆ ಒಂದು ಗೋಡೆ ಎದ್ದಿತು; ಅದನ್ನು ದಾಟಿದ ಮೇಲೆ 8.4 ಜಿಬಿಗೆ ಇನ್ನೊಂದು. ಇವು ಇಂದು ಚರಿತ್ರೆ.

ಇಂದಿಗೂ ನಮ್ಮ ಊರುಗಳಲ್ಲಿ ಎಡವುವ ಗೋಡೆಗಳು ಎರಡು. ಒಂದನೆಯದು 137 ಜಿಬಿ. ಐಡಿಇ ಕ್ರಮದಲ್ಲಿ ವಿಳಾಸಕ್ಕೆ 28 ಬಿಟ್ ಇದ್ದುದರಿಂದ 26,84,35,456 ಸೆಕ್ಟರುಗಳಿಗೆ ಮಾತ್ರ ವಿಳಾಸ ಸಿಗುತ್ತಿತ್ತು. ಅದನ್ನು 512ರಿಂದ ಗುಣಿಸಿದರೆ 137 ಜಿಬಿ, ವಿಂಡೋಸ್ ಲೆಕ್ಕದಲ್ಲಿ 128 ಜಿಬಿ. ಮುಂದೆ 48 ಬಿಟ್ ವಿಳಾಸ ಬಂದು ಈ ಗೋಡೆ ಬಿದ್ದಿತು. ಆದರೆ ಬಯಾಸ್ ಮತ್ತು ವಿಂಡೋಸ್ ಎರಡೂ ಅದನ್ನು ಅರಿತಿರಬೇಕು. ವಿಂಡೋಸ್ ಎಕ್ಸ್‌ಪಿಗೆ ಕನಿಷ್ಠ ಸರ್ವಿಸ್ ಪ್ಯಾಕ್ 1 ಎಂಬ ಪರಿಷ್ಕರಣೆ ಬೇಕು. ಅದಿಲ್ಲದ ಎಕ್ಸ್‌ಪಿಯಲ್ಲಿ ಬೇರೆ ಕಡೆ ವಿಭಾಗಿಸಿದ ದೊಡ್ಡ ಡಿಸ್ಕನ್ನು ಬಳಸಿದರೆ ಗೋಡೆಯಾಚೆಗೆ ಬರೆಯಬೇಕಾದ ಮಾಹಿತಿ ಬೇರೆ ಮಾಹಿತಿಯ ಮೇಲೆ ಬಿದ್ದು ಎರಡೂ ಕೆಡುವ ಅಪಾಯವಿದೆ. ಹೀಗಾಗಿ ಮೊದಲು ಸರ್ವಿಸ್ ಪ್ಯಾಕ್, ಅನಂತರ ಡಿಸ್ಕ್. ಬಯಾಸಿಗೆ ಹೊಸ ಆವೃತ್ತಿ ಸಿಗದಿದ್ದರೆ ಮೇಲೆ ಹೇಳಿದ ಪಿಸಿಐ ಕಾರ್ಡ್ ತನ್ನದೇ ಬಯಾಸ್ ತಂದುಕೊಳ್ಳುವುದರಿಂದ ಅದೂ ದಾರಿ ತೋರಿಸುತ್ತದೆ.

ಎರಡನೆಯ ಗೋಡೆ 2.2 ಟಿಬಿ. ಇದು ಬಯಾಸಿನದಕ್ಕಿಂತ ಹೆಚ್ಚಾಗಿ ವಿಭಾಗಗಳ ಪಟ್ಟಿಯದು. ಎಂಬಿಆರ್ ಎಂಬ ಹಳೆಯ ಪಟ್ಟಿ ಸೆಕ್ಟರ್ ಸಂಖ್ಯೆಯನ್ನು 32 ಬಿಟ್‌ನಲ್ಲಿ ಬರೆಯುತ್ತದೆ. ಹಾಗಾಗಿ 4,29,49,67,296 ಸೆಕ್ಟರುಗಳ ಆಚೆಗೆ ಅದಕ್ಕೆ ಏನೂ ಕಾಣಿಸದು. ಜಿಪಿಟಿ ಎಂಬ ಹೊಸ ಪಟ್ಟಿಗೆ ಈ ತೊಂದರೆ ಇಲ್ಲ, ಆದರೆ 32 ಬಿಟ್ ಎಕ್ಸ್‌ಪಿಗೆ ಜಿಪಿಟಿ ಅರ್ಥವಾಗುವುದಿಲ್ಲ. ವಿಂಡೋಸ್ 7 ಜಿಪಿಟಿ ಡಿಸ್ಕಿನಲ್ಲಿ ಮಾಹಿತಿ ಇಡಬಲ್ಲದು. ಅದರಿಂದಲೇ ಆರಂಭವಾಗಬೇಕಾದರೆ 64 ಬಿಟ್ ಆವೃತ್ತಿಯ ಜೊತೆಗೆ ಬಯಾಸಿನ ಹೊಸ ರೂಪವಾದ ಯುಇಎಫ್ಐ ಇರುವ ಬೋರ್ಡ್ ಬೇಕು.

ಇಷ್ಟೆಲ್ಲ ಹೇಳಿದ ಮೇಲೆ ನನ್ನ ಸಲಹೆ ನೇರವಾಗಿದೆ: ಸಾಟಾ ಇರುವ ಹಳೆಯ ಬಯಾಸ್ ಯಂತ್ರಕ್ಕೆ 1 ಅಥವಾ 2 ಟಿಬಿ ಡಿಸ್ಕ್ ಹಾಕಿ ಅಲ್ಲಿಗೆ ನಿಲ್ಲಿಸಿ. ಅದಕ್ಕಿಂತ ದೊಡ್ಡದರ ಹಿಂದೆ ಬಿದ್ದವರು ಸಮಯ ಕಳೆದುಕೊಂಡಿದ್ದನ್ನೇ ನಾನು ಹೆಚ್ಚಾಗಿ ಕಂಡಿದ್ದೇನೆ.

ಎಲ್ಲರೂ ಎಸ್‌ಎಸ್‌ಡಿ ಹಾಕಿಸಿ ಅನ್ನುತ್ತಾರೆ. ಹಳೆಯ ಬೋರ್ಡಿಗೆ ಅದರಿಂದ ಉಪಯೋಗವಿದೆಯೇ?

ಇದೆ. ಎಸ್‌ಎಸ್‌ಡಿ ಎಂದರೆ ಸುತ್ತುವ ತಟ್ಟೆ ಇಲ್ಲದೆ ಚಿಪ್‌ಗಳಲ್ಲಿ ಮಾಹಿತಿ ಇಡುವ ಡಿಸ್ಕ್. ಮೊದಲ ತಲೆಮಾರಿನ ಸಾಟಾ ಸೆಕೆಂಡಿಗೆ 150 ಎಂಬಿಗಿಂತ ಹೆಚ್ಚು ಸಾಗಿಸದು ಎಂಬುದು ನಿಜ, ಆದರೆ ಹಳೆಯ ಯಂತ್ರ ತಡವರಿಸುವುದು ಆ ಕಾರಣಕ್ಕಲ್ಲ. ಸುತ್ತುವ ಡಿಸ್ಕಿನಲ್ಲಿ ಓದುವ ತಲೆ ಬೇಕಾದ ಜಾಗಕ್ಕೆ ಸರಿದು, ತಟ್ಟೆ ತಿರುಗಿ ಬರುವಷ್ಟರಲ್ಲಿ ಪ್ರತಿಸಲವೂ ಹತ್ತು ಮಿಲಿಸೆಕೆಂಡಿಗೂ ಮೇಲೆ ಹಿಡಿಯುತ್ತದೆ. ಎಸ್‌ಎಸ್‌ಡಿಯಲ್ಲಿ ಆ ಕಾಯುವಿಕೆ ಒಂದು ಮಿಲಿಸೆಕೆಂಡಿನ ಹತ್ತನೇ ಒಂದು ಭಾಗದಷ್ಟು. ವಿಂಡೋಸ್ ಆರಂಭವಾಗುವಾಗ ಇಂಥ ಸಾವಿರಾರು ಸಣ್ಣ ಓದುಗಳು ಇರುವುದರಿಂದ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. 240 ಜಿಬಿಯ ಚಿಕ್ಕ ಎಸ್‌ಎಸ್‌ಡಿಯಲ್ಲಿ ವಿಂಡೋಸ್, ದೊಡ್ಡ ಹಾರ್ಡ್ ಡಿಸ್ಕಿನಲ್ಲಿ ಫೋಟೋ ಮತ್ತು ಲೆಕ್ಕಪತ್ರ ಎಂಬ ಜೋಡಿಯನ್ನೇ ನಾನು ಮೆಚ್ಚುತ್ತೇನೆ. ಎಕ್ಸ್‌ಪಿಯವರು ಮಾತ್ರ ಎಸ್‌ಎಸ್‌ಡಿಗೆ ಅವಸರಿಸಬಾರದು: ಅಳಿಸಿದ ಜಾಗವನ್ನು ಎಸ್‌ಎಸ್‌ಡಿಗೆ ತಿಳಿಸುವ ಟ್ರಿಮ್ ಎಂಬ ಆಜ್ಞೆ ವಿಂಡೋಸ್ 7ರಿಂದ ಬಂದದ್ದು.

ಸೆಕೆಂಡ್ ಹ್ಯಾಂಡ್ ಡಿಸ್ಕ್ ಅರ್ಧ ಬೆಲೆಗೆ ಸಿಗುತ್ತಿದೆ. ತೆಗೆದುಕೊಳ್ಳಲೇ?

ಸ್ಮಾರ್ಟ್ ದಾಖಲೆಯನ್ನು ನೋಡದೆ ತೆಗೆದುಕೊಳ್ಳಬೇಡಿ. ಪ್ರತಿಯೊಂದು ಡಿಸ್ಕೂ ತನ್ನ ಆರೋಗ್ಯದ ಲೆಕ್ಕವನ್ನು ತಾನೇ ಬರೆದಿಟ್ಟುಕೊಂಡಿರುತ್ತದೆ. ವಿಂಡೋಸ್‌ನಲ್ಲಿ ಕ್ರಿಸ್ಟಲ್‌ಡಿಸ್ಕ್‌ಇನ್ಫೋ, ಲಿನಕ್ಸ್‌ನಲ್ಲಿ ಸ್ಮಾರ್ಟ್‌ಸಿಟಿಎಲ್ ಅದನ್ನು ಓದಿ ಹೇಳುತ್ತವೆ. 5ನೆಯ ಸಾಲು ಕೆಟ್ಟು ಬದಲಿ ಪಡೆದ ಸೆಕ್ಟರುಗಳನ್ನೂ 197ನೆಯ ಸಾಲು ಓದಲು ಬಾರದೆ ಬಾಕಿ ಇರುವವನ್ನೂ ತೋರಿಸುತ್ತದೆ. ಇವುಗಳ ಕಚ್ಚಾ ಸಂಖ್ಯೆ ಸೊನ್ನೆಯಲ್ಲದಿದ್ದರೆ ವಾಪಸು ಕೊಟ್ಟುಬಿಡಿ. 9ನೆಯ ಸಾಲಿನಲ್ಲಿ ಓಡಿದ ಗಂಟೆಗಳಿವೆ. ವರ್ಷಕ್ಕೆ 8,760 ಗಂಟೆ ಎಂದು ಭಾಗಿಸಿದರೆ ಸಿಸಿ ಕ್ಯಾಮೆರಾದ ಡಿವಿಆರ್‌ನಲ್ಲಿ ಹಗಲುರಾತ್ರಿ ದುಡಿದು ಬಂದ ಡಿಸ್ಕ್ ಯಾವುದೆಂದು ತಾನಾಗಿ ತಿಳಿಯುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯಿಂದಲೋ ಹೈದರಾಬಾದಿನಿಂದಲೋ ಬಸ್ ಪಾರ್ಸಲ್‌ನಲ್ಲಿ ತರಿಸುವವರು ಬರೀ ವೃತ್ತಪತ್ರಿಕೆ ಸುತ್ತಿದ ಡಿಸ್ಕನ್ನು ಒಪ್ಪಿಕೊಳ್ಳಬಾರದು, ಸುತ್ತಲೂ ದಪ್ಪ ಫೋಮ್ ಇರಲೇಬೇಕು.

ಲ್ಯಾಪ್‌ಟಾಪಿಗೂ ಇದೇ ಡಿಸ್ಕ್ ಬರುತ್ತದೆಯೇ?

ಇಲ್ಲ. ಡೆಸ್ಕ್‌ಟಾಪಿನದು 3.5 ಇಂಚು, ಲ್ಯಾಪ್‌ಟಾಪಿನದು 2.5 ಇಂಚು. ಅದರಲ್ಲಿಯೂ ದಪ್ಪ ಮುಖ್ಯ: ಹಳೆಯ ಲ್ಯಾಪ್‌ಟಾಪುಗಳಲ್ಲಿ ಹೆಚ್ಚಾಗಿ 9.5 ಮಿಲಿಮೀಟರ್, ಈಚಿನವುಗಳಲ್ಲಿ 7. ಅಳೆದು ನೋಡಿಯೇ ಕೊಳ್ಳಿ.

## ಜೋಡಿಸುವಾಗ

ನಾನೇ ಬಿಚ್ಚಿ ಹಾಕಬಹುದೇ? ಶಾಕ್ ಹೊಡೆಯುವುದಿಲ್ಲವೇ?

ಸ್ವಿಚ್ ಆರಿಸಿ, ಹಿಂದಿನ ವಿದ್ಯುತ್ ತಂತಿಯನ್ನು ಕಿತ್ತು, ಆನ್ ಗುಂಡಿಯನ್ನು ಒಮ್ಮೆ ಒತ್ತಿ ಉಳಿದ ಚಾರ್ಜ್ ಇಳಿಸಿದ ಮೇಲೆ ಡಿಸ್ಕ್ ಬದಲಾಯಿಸುವುದರಲ್ಲಿ ಅಪಾಯವಿಲ್ಲ. ಎಸ್‌ಎಂಪಿಎಸ್ (ಕಂಪ್ಯೂಟರಿಗೆ ವಿದ್ಯುತ್ ಕೊಡುವ) ಪೆಟ್ಟಿಗೆಯನ್ನು ಮಾತ್ರ ಎಂದಿಗೂ ಬಿಚ್ಚಬಾರದು. ನಿಮಗೆ ಶಾಕ್ ಹೊಡೆಯುವುದಕ್ಕಿಂತ ನಿಮ್ಮಿಂದ ಡಿಸ್ಕಿಗೆ ಹೊಡೆಯುವ ಸಾಧ್ಯತೆಯೇ ಹೆಚ್ಚು. ನಮ್ಮ ಒಣಹವೆಯಲ್ಲಿ ಮೈಮೇಲೆ ಕೂಡಿಕೊಳ್ಳುವ ಸ್ಥಿರವಿದ್ಯುತ್ತನ್ನು ಕ್ಯಾಬಿನೆಟ್ಟಿನ ಬಣ್ಣವಿಲ್ಲದ ತಗಡನ್ನು ಮುಟ್ಟಿ ಇಳಿಸಿಕೊಂಡು, ಡಿಸ್ಕನ್ನು ಅಂಚುಗಳಲ್ಲಿ ಹಿಡಿಯಿರಿ. 3.5 ಇಂಚಿನ ಡಿಸ್ಕಿಗೆ ದಪ್ಪ ಮರೆಯ ಸ್ಕ್ರೂಗಳು, 2.5 ಇಂಚಿನದಕ್ಕೆ ಸಣ್ಣ ಮರೆಯವು. ಒಂದರದ್ದನ್ನು ಇನ್ನೊಂದಕ್ಕೆ ಬಲವಂತವಾಗಿ ತಿರುಗಿಸಿದರೆ ಮರೆ ಹಾಳಾಗುತ್ತದೆ.

ಬಿಚ್ಚಿದಾಗಲೇ ಧೂಳು ತೆಗೆಯಿರಿ. ಸಂಡೂರಿನ ಅದಿರು ಲಾರಿಗಳ ದಾರಿಯಲ್ಲಿರುವ ಅಂಗಡಿಗಳ ಕಂಪ್ಯೂಟರಿನಲ್ಲಿ ಕೆಂಪು ಧೂಳು, ಗಂಗಾವತಿ ಮತ್ತು ಸಿಂಧನೂರಿನ ಗಿರಣಿಗಳಲ್ಲಿ ಹೊಟ್ಟಿನ ಪುಡಿ, ರಾಯಚೂರಿನ ಜಿನ್ನಿಂಗ್ ಘಟಕಗಳಲ್ಲಿ ಹತ್ತಿಯ ಎಳೆ ಫ್ಯಾನಿಗೆ ಸುತ್ತಿಕೊಂಡಿರುತ್ತದೆ. ಬ್ಲೋವರ್ ಹಿಡಿಯುವಾಗ ಫ್ಯಾನು ಸುತ್ತದಂತೆ ಬೆರಳಿನಿಂದ ತಡೆದುಕೊಳ್ಳಿ. ಹಾರ್ಡ್ ಡಿಸ್ಕಿನ ಮೇಲೆ ಒಂದು ಸಣ್ಣ ತೂತು ಕಾಣುತ್ತದೆ, ಅದರ ಒಳಗೆ ಸೋಸುವ ಪದರವಿರುತ್ತದೆ, ಒಳಗಿನ ಮತ್ತು ಹೊರಗಿನ ಗಾಳಿಯ ಒತ್ತಡ ಸಮವಾಗಲು ಅದು ಬೇಕು. ಧೂಳು ಒಳಗೆ ಹೋದೀತೆಂದು ಅದಕ್ಕೆ ಟೇಪ್ ಅಂಟಿಸಬೇಡಿ, ಬ್ಲೋವರನ್ನು ನೇರವಾಗಿ ಅದರತ್ತ ಹಿಡಿಯಲೂಬೇಡಿ.

ಬೇಸಿಗೆಯಲ್ಲಿ ನಮ್ಮ ಕೋಣೆಯೇ ಕಾದ ಹೆಂಚಿನಂತಿರುತ್ತದೆ. ಎರಡು ಡಿಸ್ಕ್ ಹಾಕಿದರೆ ತಡೆದೀತೇ?

ಬಳ್ಳಾರಿ, ರಾಯಚೂರುಗಳಲ್ಲಿ ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಹೊರಗೆ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಸಾಮಾನ್ಯ. ಎಸಿ ಇಲ್ಲದ ಕೋಣೆಯಲ್ಲಿ ಕ್ಯಾಬಿನೆಟ್ಟಿನ ಒಳಗಿನ ಡಿಸ್ಕ್ ಅದಕ್ಕಿಂತ ಹತ್ತು ಡಿಗ್ರಿಯಾದರೂ ಹೆಚ್ಚು ಕಾದಿರುತ್ತದೆ. ಡೆಸ್ಕ್‌ಟಾಪ್ ಡಿಸ್ಕುಗಳಿಗೆ ತಯಾರಕರು ಹೇಳುವ ಮಿತಿ ಸಾಮಾನ್ಯವಾಗಿ 60 ಡಿಗ್ರಿ. ಮಿತಿಯ ಹತ್ತಿರ ದಿನವಿಡೀ ನಿಲ್ಲಿಸದೆ 50ರ ಒಳಗಿಟ್ಟುಕೊಳ್ಳುವುದು ಕ್ಷೇಮ. ಎರಡು ಡಿಸ್ಕುಗಳ ನಡುವೆ ಒಂದು ಖಾನೆ ಖಾಲಿ ಬಿಡಿ, ಮುಂದೆ ಗಾಳಿ ಎಳೆಯುವ ಫ್ಯಾನ್ ಇಲ್ಲದಿದ್ದರೆ ಒಂದನ್ನು ಹಾಕಿಸಿ, ಕ್ಯಾಬಿನೆಟ್ಟನ್ನು ಮೇಜಿನ ಮುಚ್ಚಿದ ಪೆಟ್ಟಿಗೆಯೊಳಗಿಂದ ಹೊರಗೆ ತನ್ನಿ. ವಿದ್ಯುತ್ತಿನ ಲೆಕ್ಕವೂ ಇದೆ: 3.5 ಇಂಚಿನ ಡಿಸ್ಕ್ ತಿರುಗಲು ಆರಂಭಿಸುವ ಕ್ಷಣದಲ್ಲಿ 12 ವೋಲ್ಟ್ ತಂತಿಯಿಂದ ಸುಮಾರು 2 ಆಂಪಿಯರ್ ಎಳೆಯುತ್ತದೆ. ಮುಪ್ಪಾದ ಎಸ್‌ಎಂಪಿಎಸ್ ಅಲ್ಲಿಯೇ ಸೋಲುತ್ತದೆ. ಹೊಸ ಡಿಸ್ಕ್ ಹಾಕಿದ ಮೇಲೆ ಕಂಪ್ಯೂಟರ್ ಆರಂಭದಲ್ಲಿಯೇ ಮತ್ತೆ ಮತ್ತೆ ಆರಿಹೋದರೆ ಮೊದಲು ಅದನ್ನು ಶಂಕಿಸಿ.

ಐಡಿಇ ಡಿಸ್ಕಿನ ಹಿಂದಿರುವ ಆ ಸಣ್ಣ ಜಂಪರ್ ಎಲ್ಲಿ ಚುಚ್ಚಬೇಕು?

ಒಂದೇ ಪಟ್ಟಿಯಲ್ಲಿ ಎರಡು ಸಾಧನಗಳಿದ್ದಾಗ ಯಾರು ಮಾಸ್ಟರ್, ಯಾರು ಸ್ಲೇವ್ ಎಂದು ಹೇಳುವುದು ಎರಡು ಪಿನ್ನುಗಳನ್ನು ಕೂಡಿಸುವ ಈ ಜಂಪರಿನ ಕೆಲಸ. ಎರಡೂ ಮಾಸ್ಟರ್ ಆದರೆ ಹೆಚ್ಚಾಗಿ ಒಂದೂ ಕಾಣಿಸುವುದಿಲ್ಲ. ಡಿಸ್ಕಿನ ಲೇಬಲಿನ ಮೇಲೆಯೇ ಚಿತ್ರವಿರುತ್ತದೆ. ತಯಾರಕರಿಂದ ತಯಾರಕರಿಗೆ ಅದು ಬೇರೆಯಾದ್ದರಿಂದ ನೆನಪಿನಿಂದ ಹಾಕಬೇಡಿ. 80 ತಂತಿಯ ಪಟ್ಟಿಯಲ್ಲಿ ನೀಲಿ ತುದಿ ಮದರ್‌ಬೋರ್ಡಿಗೆ, ಕಪ್ಪು ತುದಿ ಮಾಸ್ಟರಿಗೆ, ನಡುವಿನ ಬೂದು ಸ್ಲೇವಿಗೆ. ಇನ್ನೊಂದು ಸಂಗತಿ: ಹಳೆಯ ಬಯಾಸ್‌ಗಳಿಗಾಗಿ ಕೆಲವು ಐಡಿಇ ಡಿಸ್ಕುಗಳಲ್ಲಿ ಗಾತ್ರವನ್ನು 32 ಜಿಬಿಗೆ ಕತ್ತರಿಸಿ ತೋರಿಸುವ ಜಂಪರ್ ಸ್ಥಾನವೂ ಇರುತ್ತದೆ. 80 ಜಿಬಿಯ ಡಿಸ್ಕ್ 32 ಎಂದು ಕಾಣಿಸಿದರೆ ಅಲ್ಲಿ ನೋಡಿ.

ಎಲ್ಲ ಸರಿಯಾಗಿ ಚುಚ್ಚಿದ್ದೇನೆ. ಆದರೂ ಬಯಾಸಿನಲ್ಲಿ ಹೆಸರೇ ಬರುತ್ತಿಲ್ಲ.

ಮೊದಲು ಡಿಸ್ಕಿನ ಮೇಲೆ ಕೈ ಇಟ್ಟು ತಿರುಗುವ ನಡುಕ ಇದೆಯೇ ನೋಡಿ. ನಡುಕವಿದ್ದರೆ ವಿದ್ಯುತ್ ಬರುತ್ತಿದೆ, ಮಾಹಿತಿಯ ಕೇಬಲ್ ಅಥವಾ ಪೋರ್ಟ್ ಕಡೆಗೆ ಹೋಗಿ: ಕೇಬಲ್ ಬದಲಿಸಿ, ಇನ್ನೊಂದು ಪೋರ್ಟಿಗೆ ಚುಚ್ಚಿ, ಬಯಾಸಿನಲ್ಲಿ ಆ ಪೋರ್ಟ್ ನಿಷ್ಕ್ರಿಯವಾಗಿದೆಯೇ ನೋಡಿ. ಇವೆಲ್ಲ ಸರಿ ಇದ್ದೂ ಬಾರದಿದ್ದರೆ, 2003ರಿಂದ ಕೆಲವು ವರ್ಷ ಬಂದ ವಿಐಎ ಕಂಪನಿಯ ವಿಟಿ8237 ಚಿಪ್ ಇರುವ ಬೋರ್ಡುಗಳನ್ನು ಅನುಮಾನಿಸಬೇಕು. ಹೊಸ ಡಿಸ್ಕಿನೊಡನೆ ವೇಗದ ಮಾತುಕತೆ ನಡೆಸಿ ಕೆಳಗಿನ ವೇಗಕ್ಕೆ ಒಪ್ಪಿಸುವುದು ಆ ಚಿಪ್‌ಗೆ ಬರುವುದಿಲ್ಲ. ಹಲವು ಡಿಸ್ಕುಗಳಲ್ಲಿ ವೇಗವನ್ನು 1.5 ಗಿಗಾಬಿಟ್‌ಗೆ ಇಳಿಸುವ ಜಂಪರ್ ಇತ್ತು, ಅದನ್ನು ಹಾಕಿದ ಕೂಡಲೇ ಡಿಸ್ಕ್ ಕಾಣಿಸುತ್ತದೆ.

ನಡುಕವೇ ಇಲ್ಲದಿದ್ದರೆ ವಿದ್ಯುತ್ತಿನ ಸಮಸ್ಯೆ. ಸರ್ವರ್ ದರ್ಜೆಯ ಕೆಲವು ಹೊಸ ಡಿಸ್ಕುಗಳು ಸಾಟಾ ವಿದ್ಯುತ್ ಕನೆಕ್ಟರಿನ ಮೂರನೆಯ ಪಿನ್ನಿನಲ್ಲಿ 3.3 ವೋಲ್ಟ್ ಕಂಡರೆ ಅದನ್ನು ‘ನಿಲ್ಲು’ ಎಂಬ ಆಜ್ಞೆಯಾಗಿ ಓದುತ್ತವೆ. ನಾಲ್ಕು ಪಿನ್ನಿನ ಹಳೆಯ ಕನೆಕ್ಟರಿನಿಂದ ಅಡಾಪ್ಟರ್ ಹಾಕಿ ವಿದ್ಯುತ್ ಕೊಟ್ಟರೆ ಆ 3.3 ವೋಲ್ಟ್ ಅಲ್ಲಿ ಇಲ್ಲದ್ದರಿಂದ ಡಿಸ್ಕ್ ಎಚ್ಚರಗೊಳ್ಳುತ್ತದೆ. ಆದರೆ ತಂತಿಗಳನ್ನು ಪ್ಲಾಸ್ಟಿಕ್ಕಿನಲ್ಲಿ ಎರಕ ಹೊಯ್ದಿರುವ ಅಗ್ಗದ ಅಡಾಪ್ಟರುಗಳಲ್ಲಿ ಒಳಗೇ ಶಾರ್ಟ್ ಆಗಿ ಸುಟ್ಟ ನಿದರ್ಶನಗಳಿವೆ. ಒಂದೊಂದು ತಂತಿಯೂ ಬೇರೆಯಾಗಿ ಕಾಣುವಂತೆ ಒತ್ತಿ ಕೂರಿಸಿದ ಅಡಾಪ್ಟರನ್ನೇ ಕೇಳಿ ತನ್ನಿ.

ಬಯಾಸಿನಲ್ಲಿ ಇದೆ, ಆದರೆ ಮೈ ಕಂಪ್ಯೂಟರಿನಲ್ಲಿ ಇಲ್ಲ.

ಹೊಸ ಡಿಸ್ಕಿನಲ್ಲಿ ವಿಭಾಗವೇ ಇಲ್ಲದ್ದರಿಂದ ಅದು ಕಾಣುವುದಿಲ್ಲ. ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು, ಇನಿಶಿಯಲೈಸ್ ಮಾಡಿ, 2 ಟಿಬಿಯವರೆಗೆ ಎಂಬಿಆರ್ ಆರಿಸಿ, ಎನ್‌ಟಿಎಫ್‌ಎಸ್‌ನಲ್ಲಿ ಫಾರ್ಮ್ಯಾಟ್ ಮಾಡಿ. ಆದರೆ ಆ ಡಿಸ್ಕಿನಲ್ಲಿ ಮೊದಲೇ ನಿಮ್ಮ ಮಾಹಿತಿ ಇದ್ದರೆ ವಿಂಡೋಸ್ ಕೇಳಿದರೂ ಇನಿಶಿಯಲೈಸ್ ಮಾಡಬೇಡಿ.

## ಮಾಹಿತಿ ಸಾಗಿಸುವಾಗ

ವಿಂಡೋಸ್, ಟ್ಯಾಲಿ, ನುಡಿ ಎಲ್ಲವೂ ಇದ್ದ ಹಾಗೆಯೇ ಹೊಸ ಡಿಸ್ಕಿಗೆ ಬರಬೇಕು. ಆಗುತ್ತದೆಯೇ?

ಆಗುತ್ತದೆ, ಇದನ್ನು ಕ್ಲೋನ್ ಮಾಡುವುದು ಎನ್ನುತ್ತಾರೆ. ಕ್ಲೋನ್‌ಜಿಲ್ಲಾ ಎಂಬ ಉಚಿತ ತಂತ್ರಾಂಶವನ್ನು ಪೆನ್‌ಡ್ರೈವಿಗೆ ಹಾಕಿ, ಅದರಿಂದಲೇ ಕಂಪ್ಯೂಟರನ್ನು ಆರಂಭಿಸಿ, ಹಳೆಯ ಡಿಸ್ಕನ್ನು ಹೊಸದಕ್ಕೆ ಪೂರ್ತಿ ನಕಲಿಸಬಹುದು. ನಕಲಿನ ಹೊತ್ತಿಗೆ ಹಳೆಯ ವಿಂಡೋಸ್ ಓಡುತ್ತಿರುವುದಿಲ್ಲವಾದ್ದರಿಂದ ತೆರೆದಿಟ್ಟ ಫೈಲುಗಳ ತೊಡಕು ಇರದು.

ಇಡೀ ಕೆಲಸದಲ್ಲಿ ಪ್ರಾಣ ಹಿಡಿದು ಮಾಡಬೇಕಾದ ಕ್ಷಣ ಒಂದೇ: ಮೂಲ ಯಾವುದು, ಗುರಿ ಯಾವುದು ಎಂದು ಆರಿಸುವ ಕ್ಷಣ. ಬಹಳ ವರ್ಷಗಳ ಹಿಂದೆ ಮದುವೆಯ ಕಾರ್ಡು ಮಾಡುವ ಡಿಟಿಪಿ ಅಂಗಡಿಯೊಂದರಲ್ಲಿ ನಾನು ಒಂದೇ ಗಾತ್ರದ ಎರಡು ಡಿಸ್ಕುಗಳ ನಡುವೆ ಗೊಂದಲಪಟ್ಟು ಖಾಲಿ ಡಿಸ್ಕನ್ನು ತುಂಬಿದ್ದರ ಮೇಲೆ ನಕಲಿಸಿಬಿಟ್ಟೆ. ಆರು ವರ್ಷಗಳ ವಿನ್ಯಾಸಗಳು ಹೋದವು, ಅಂಗಡಿಯಾತ ನನ್ನನ್ನು ಬೈಯಲಿಲ್ಲ, ಸುಮ್ಮನೆ ಕುಳಿತ. ಆ ಮೌನವನ್ನು ನಾನು ಮರೆತಿಲ್ಲ. ಅಂದಿನಿಂದ ಡಿಸ್ಕಿನ ಲೇಬಲಿನ ಮೇಲಿರುವ ಸೀರಿಯಲ್ ಸಂಖ್ಯೆಯನ್ನು ಕಾಗದದ ಮೇಲೆ ಬರೆದುಕೊಂಡು, ತೆರೆಯ ಮೇಲಿನ ಸಂಖ್ಯೆಯೊಡನೆ ಅಕ್ಷರ ಅಕ್ಷರ ಹೋಲಿಸಿ ನೋಡದೆ ಮುಂದುವರಿಯುವುದಿಲ್ಲ. ನೀವೂ ಹಾಗೆಯೇ ಮಾಡಿ. ಅದಕ್ಕೂ ಮೊದಲು ಟ್ಯಾಲಿಯ ಬ್ಯಾಕಪ್ ಮತ್ತು ಮುಖ್ಯ ಕಡತಗಳನ್ನು ಬೇರೆ ಪೆನ್‌ಡ್ರೈವಿನಲ್ಲಿ ಇಟ್ಟುಕೊಳ್ಳಿ.

ಸಮಯದ ಅಂದಾಜು ಇರಲಿ. ಎರಡೂ ಡಿಸ್ಕುಗಳು ಒಳಗಿನ ಸಾಟಾ ಪೋರ್ಟಿನಲ್ಲಿದ್ದರೆ ತುಂಬಿದ 500 ಜಿಬಿಗೆ ಒಂದೂವರೆಯಿಂದ ಎರಡು ಗಂಟೆ. ಹೊಸದನ್ನು ಯುಎಸ್‌ಬಿ 2.0 ಮೂಲಕ ಜೋಡಿಸಿದ್ದರೆ ನಾಲ್ಕು ಗಂಟೆಗೂ ಹೆಚ್ಚು. ನಡುವೆ ಕರೆಂಟು ಹೋದರೆ ಮತ್ತೆ ಮೊದಲಿನಿಂದ ಶುರು ಮಾಡಬೇಕು, ಆದ್ದರಿಂದ ಯುಪಿಎಸ್ ಬ್ಯಾಟರಿ ನಂಬುವಂಥದಲ್ಲದಿದ್ದರೆ ಲೋಡ್ ಶೆಡ್ಡಿಂಗ್ ಇಲ್ಲದ ಹೊತ್ತನ್ನು ಆರಿಸಿಕೊಳ್ಳಿ. ನಕಲು ಮುಗಿದ ಮೇಲೆ ಮೊದಲ ಸಲ ಆರಂಭಿಸುವಾಗ ಹಳೆಯ ಡಿಸ್ಕಿನ ಕೇಬಲ್ ಕಿತ್ತಿರಲೇಬೇಕು. ಎರಡರ ಗುರುತಿನ ಸಂಖ್ಯೆ ಒಂದೇ ಆಗಿರುವುದರಿಂದ ವಿಂಡೋಸ್ ಗೊಂದಲಗೊಂಡು ಡ್ರೈವ್ ಅಕ್ಷರಗಳನ್ನು ಅದಲುಬದಲು ಮಾಡಬಹುದು. ಹೊಸ ಡಿಸ್ಕಿನಲ್ಲಿ ಉಳಿದ ಖಾಲಿ ಜಾಗವನ್ನು ವಿಭಾಗಗಳ ಗಾತ್ರ ಬದಲಿಸುವ ಉಚಿತ ತಂತ್ರಾಂಶವಾದ ಜಿಪಾರ್ಟೆಡ್‌ನಿಂದ ವಿಭಾಗಕ್ಕೆ ಸೇರಿಸಿಕೊಳ್ಳಿ.

ಹೊಸದಾಗಿ ವಿಂಡೋಸ್ ಹಾಕಿದ ಮೇಲೆ ಹಳೆಯ ಕನ್ನಡ ಫೈಲುಗಳು ಇಂಗ್ಲಿಷ್ ಅಕ್ಷರ ಚೆಲ್ಲಾಡಿದಂತೆ ಕಾಣುತ್ತಿವೆ. ಕೆಟ್ಟುಹೋದವೇ?

ಕೆಟ್ಟಿಲ್ಲ, ಫಾಂಟ್ ಇಲ್ಲ ಅಷ್ಟೆ. ಯೂನಿಕೋಡ್ ರೂಢಿಗೆ ಬರುವ ಮೊದಲು ನುಡಿ ಮತ್ತು ಬರಹ ತಂತ್ರಾಂಶಗಳಲ್ಲಿ ಬರೆದ ಕಡತಗಳಲ್ಲಿ ಕನ್ನಡದ ಆಕಾರಗಳನ್ನು ಇಂಗ್ಲಿಷ್ ಅಕ್ಷರಗಳ ಸಂಕೇತ ಸ್ಥಾನಗಳಲ್ಲಿ ಕೂರಿಸಿರುತ್ತಿದ್ದರು. ಆ ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಅರ್ಥವಿಲ್ಲದ ಇಂಗ್ಲಿಷ್ ಸಾಲು. ಹಳೆಯ ಡಿಸ್ಕಿನ ವಿಂಡೋಸ್ ಫೋಲ್ಡರಿನೊಳಗಿನ ಫಾಂಟ್ಸ್ ಫೋಲ್ಡರಿನಿಂದ ನುಡಿ, ಬರಹ ಫಾಂಟುಗಳನ್ನು ತಂದು ಹೊಸದರಲ್ಲಿ ಸ್ಥಾಪಿಸಿದರೆ ಕಡತ ಮೊದಲಿನಂತೆ ತೆರೆದುಕೊಳ್ಳುತ್ತದೆ. ಪಂಚಾಯಿತಿಯ ನಡಾವಳಿ, ಶಾಲೆಯ ದಾಖಲೆ, ಹಳೆಯ ಪೇಜ್‌ಮೇಕರ್ ಪುಸ್ತಕಗಳು ಹೀಗೆ ‘ಕೆಟ್ಟುಹೋದವು’ ಎಂದು ಅಳಿಸಲ್ಪಟ್ಟದ್ದನ್ನು ಕಂಡು ನನಗೆ ನೋವಾಗಿದೆ. ಉಳಿಸಿದ ಮೇಲೆ, ನಾಳೆಗೂ ಬೇಕಾದವನ್ನು ಪರಿವರ್ತಕ ತಂತ್ರಾಂಶದಿಂದ ಯೂನಿಕೋಡಿಗೆ ಬದಲಿಸಿ, ಒತ್ತಕ್ಷರಗಳನ್ನು ಕಣ್ಣಾರೆ ತಿದ್ದಿ ಇಟ್ಟುಕೊಳ್ಳಿ.

ಹಳೆಯ ಡಿಸ್ಕಿನಿಂದ ಟಕ್ ಟಕ್ ಸದ್ದು ಬರುತ್ತಿದೆ. ಈಗ ನಕಲು ಮಾಡಬಹುದೇ?

ಕೂಡಲೇ ಆರಿಸಿ. ಮತ್ತೆ ಮತ್ತೆ ಆನ್ ಮಾಡಿ ನೋಡುವ ಪ್ರತಿಸಲವೂ ಉಳಿದದ್ದು ಕಡಿಮೆಯಾಗುತ್ತದೆ. ಸದ್ದಿಲ್ಲದೆ ಬರೀ ಓದುವಿಕೆಯ ದೋಷವಿದ್ದರೆ ಲಿನಕ್ಸ್‌ನ ಡಿಡಿರೆಸ್ಕ್ಯೂ ಒಳ್ಳೆಯದು: ಅದು ಸಲೀಸಾಗಿ ಓದಬಹುದಾದದ್ದನ್ನೆಲ್ಲ ಮೊದಲು ಎತ್ತಿಕೊಂಡು, ಕೆಟ್ಟ ಜಾಗಗಳಿಗೆ ಕೊನೆಯಲ್ಲಿ ಮರಳುತ್ತದೆ, ಎಲ್ಲಿಗೆ ನಿಂತಿತೆಂದು ಬರೆದಿಟ್ಟುಕೊಳ್ಳುತ್ತದೆ. ಟಕ್ ಟಕ್ ಸದ್ದು ಹೆಚ್ಚಾಗಿ ಓದುವ ತಲೆಯ ದೋಷ. ಒಳಗಿನ ಮಾಹಿತಿ ಬೆಲೆಬಾಳುವುದಾದರೆ ಧೂಳಿಲ್ಲದ ಕೋಣೆ ಇರುವ ದತ್ತಾಂಶ ಮರಳಿಸುವವರಿಗೇ ಕೊಡಿ, ಮನೆಯಲ್ಲಿ ಮುಚ್ಚಳ ತೆಗೆಯಬೇಡಿ.

## ತೊಡಕಿನ ಪ್ರಶ್ನೆಗಳು

3 ಟಿಬಿ ಡಿಸ್ಕ್ ಹಾಕಿದೆ, 746 ಜಿಬಿ ಮಾತ್ರ ತೋರಿಸುತ್ತಿದೆ. ಉಳಿದದ್ದು ಎಲ್ಲಿ ಹೋಯಿತು?

3 ಟಿಬಿ ಎಂದರೆ 3 ಲಕ್ಷ ಕೋಟಿ ಬೈಟ್. 32 ಬಿಟ್ ವಿಳಾಸದ ಗೋಡೆ ಸುಮಾರು 2.2 ಲಕ್ಷ ಕೋಟಿ. ಡಿಸ್ಕನ್ನು ನಡೆಸುವ ಹಳೆಯ ಚಾಲಕ ತಂತ್ರಾಂಶ (ಡ್ರೈವರ್) ಸಂಖ್ಯೆಯ ಮೇಲಿನ ಅಂಕಿಯನ್ನು ಕಳೆದುಕೊಂಡು, ಗೋಡೆಯಾಚೆ ಉಳಿದ ಸುಮಾರು 0.8 ಲಕ್ಷ ಕೋಟಿಯನ್ನೇ ಇಡೀ ಗಾತ್ರವೆಂದು ತಿಳಿಯುತ್ತದೆ. ಅದು ವಿಂಡೋಸ್ ಲೆಕ್ಕದಲ್ಲಿ 746 ಜಿಬಿ. ಚಿಪ್‌ಸೆಟ್‌ನ ಹೊಸ ಸಾಟಾ ಚಾಲಕವನ್ನು ಹಾಕಿ, ವಿಂಡೋಸ್ 7 ಅಥವಾ ಮುಂದಿನದರಲ್ಲಿ ಜಿಪಿಟಿಯಾಗಿ ಮಾಡಿದರೆ ಪೂರ್ತಿ ಸಿಗುತ್ತದೆ. ಸರಿಯಾಗುವವರೆಗೆ ಅದರಲ್ಲಿ ಏನನ್ನೂ ಬರೆಯಬೇಡಿ.

ಎಕ್ಸ್‌ಟರ್ನಲ್ ಡಿಸ್ಕಿನ ಪೆಟ್ಟಿಗೆ ಒಡೆದು ಒಳಗಿನದನ್ನು ಸಿಸ್ಟಮ್ಮಿಗೆ ಹಾಕಿದೆ. ಮಾಹಿತಿಯೆಲ್ಲ ಖಾಲಿ ಎನ್ನುತ್ತಿದೆ.

ಗಾಬರಿಯಾಗಿ ಫಾರ್ಮ್ಯಾಟ್ ಮಾಡಬೇಡಿ. ಕೆಲವು ಪೆಟ್ಟಿಗೆಗಳಲ್ಲಿರುವ ಯುಎಸ್‌ಬಿ ಚಿಪ್, ಎಕ್ಸ್‌ಪಿಯಲ್ಲಿಯೂ 2 ಟಿಬಿ ದಾಟಿಸುವ ಉದ್ದೇಶದಿಂದ, ಸೆಕ್ಟರನ್ನು 512ರ ಬದಲು 4096 ಬೈಟ್ ಎಂದು ತೋರಿಸುತ್ತಿತ್ತು. ಇನ್ನು ಕೆಲವು ಎಲ್ಲವನ್ನೂ ಗೂಢಲಿಪಿಯಲ್ಲಿ ಬರೆಯುತ್ತವೆ. ಒಳಗೆ ನೇರವಾಗಿ ಚುಚ್ಚಿದಾಗ ಆ ಲೆಕ್ಕ ಹೊಂದುವುದಿಲ್ಲ. ಮತ್ತೆ ಅದೇ ಪೆಟ್ಟಿಗೆಯ ಚಿಪ್‌ಗೆ ಜೋಡಿಸಿದರೆ ಮಾಹಿತಿ ಕಾಣುತ್ತದೆ. ಬೇರೆಡೆಗೆ ನಕಲಿಸಿದ ಮೇಲೆಯೇ ಡಿಸ್ಕನ್ನು ಒಳಗೆ ಹಾಕಿ ಹೊಸದಾಗಿ ವಿಭಾಗಿಸಿ. ಕೊಳ್ಳುವ ಮೊದಲೇ ಇನ್ನೊಂದನ್ನು ತಿಳಿದಿರಿ: ಜೇಬಿನಲ್ಲಿ ಹಿಡಿಸುವ ಕೆಲವು ಡಿಸ್ಕುಗಳಲ್ಲಿ ಯುಎಸ್‌ಬಿ ಪೋರ್ಟನ್ನು ಡಿಸ್ಕಿನ ಬೋರ್ಡಿಗೇ ಬೆಸೆದಿರುವುದರಿಂದ ಸಾಟಾ ಕನೆಕ್ಟರೇ ಇರುವುದಿಲ್ಲ.

ಹೊಸ ಡಿಸ್ಕ್ ಹಳೆಯದಕ್ಕಿಂತ ನಿಧಾನವಾಗಿದೆ. ಎಕ್ಸ್‌ಪಿ ಬಳಸುತ್ತಿದ್ದೇನೆ.

ಸುಮಾರು 2010ರಿಂದೀಚೆಗೆ ಬಂದ ಹೆಚ್ಚಿನ ಡಿಸ್ಕುಗಳ ಒಳಗಿನ ನಿಜವಾದ ಸೆಕ್ಟರ್ 4096 ಬೈಟ್, ಹೊರಗೆ ಮಾತ್ರ ಅವು 512 ಎಂದು ಹೇಳಿಕೊಳ್ಳುತ್ತವೆ. ಎಕ್ಸ್‌ಪಿ ಮೊದಲ ವಿಭಾಗವನ್ನು 63ನೆಯ ಸೆಕ್ಟರಿನಿಂದ ಆರಂಭಿಸುತ್ತದೆ. ಒಂದು ನಿಜ ಸೆಕ್ಟರಿನಲ್ಲಿ 512 ಬೈಟಿನ ಎಂಟು ಸೆಕ್ಟರುಗಳು ಹಿಡಿಯುತ್ತವೆ; 63 ಎಂಟರಿಂದ ಭಾಗವಾಗದ ಕಾರಣ ಪ್ರತಿಯೊಂದು ತುಣುಕೂ ಎರಡು ನಿಜ ಸೆಕ್ಟರುಗಳ ಮೇಲೆ ಕಾಲು ಚಾಚುತ್ತದೆ, ಒಂದು ಬರೆಯಲು ಡಿಸ್ಕ್ ಎರಡನ್ನು ಓದಿ ತಿದ್ದಬೇಕಾಗುತ್ತದೆ. ವಿಂಡೋಸ್ 7 ಅಥವಾ ಜಿಪಾರ್ಟೆಡ್‌ನಲ್ಲಿ 2048ನೆಯ ಸೆಕ್ಟರಿನಿಂದ ವಿಭಾಗ ಮಾಡಿ, ಅನಂತರ ಎಕ್ಸ್‌ಪಿಯನ್ನು ಅದರೊಳಗೆ ಹಾಕಿದರೆ ಈ ದೋಷ ಹೋಗುತ್ತದೆ.

ಬಯಾಸಿನಲ್ಲಿ ಎಎಚ್‌ಸಿಐ ಮಾಡಿದೆ, ನೀಲಿ ಪರದೆ ಬಂತು. 7ಬಿ ಎಂದು ಬರೆದಿದೆ.

ಡಿಸ್ಕಿಗೆ ಏನೂ ಆಗಿಲ್ಲ. ಎಎಚ್‌ಸಿಐ, ಐಡಿಇ ಎಂಬುವು ಸಾಟಾ ಡಿಸ್ಕಿನೊಡನೆ ಮಾತಾಡಲು ಬಯಾಸಿನಲ್ಲಿ ಆರಿಸುವ ಎರಡು ಕ್ರಮಗಳು. ವಿಂಡೋಸ್ ಐಡಿಇ ಕ್ರಮದ ಚಾಲಕದೊಂದಿಗೆ ಸ್ಥಾಪನೆಯಾಗಿತ್ತು, ಈಗ ಆರಂಭದಲ್ಲಿಯೇ ಡಿಸ್ಕನ್ನು ಓದಲಾಗದೆ ನಿಂತಿದೆ. ಬಯಾಸಿನಲ್ಲಿ ಮೊದಲಿನಂತೆ ಐಡಿಇಗೆ ಬದಲಿಸಿದರೆ ಮತ್ತೆ ಏಳುತ್ತದೆ. ನೀವು ಏನನ್ನೂ ಬದಲಿಸದೆಯೇ ಇದು ಕಾಣಿಸಿಕೊಂಡು, ಜೊತೆಗೆ ದಿನಾಂಕವೂ ಹಿಂದಕ್ಕೆ ಹೋಗಿದ್ದರೆ ಬೋರ್ಡಿನ ಮೇಲಿನ ಸಿಆರ್2032 ಬ್ಯಾಟರಿ ಸತ್ತು ಬಯಾಸ್ ತನ್ನ ಸೆಟ್ಟಿಂಗನ್ನು ಮರೆತಿದೆ. ಬ್ಯಾಟರಿ ಬದಲಿಸಿ.

ಕೆಲಸವೆಲ್ಲ ಆಯಿತು. ಹಳೆಯ ಡಿಸ್ಕನ್ನು ಗುಜರಿಗೆ ಹಾಕಬಹುದೇ?

ಈಗಲೇ ಬೇಡ. ಹೊಸ ಡಿಸ್ಕೂ ಕೆಲವೊಮ್ಮೆ ಮೊದಲ ಕೆಲವು ವಾರಗಳಲ್ಲಿಯೇ ಕೆಡುತ್ತದೆ. ಒಂದು ತಿಂಗಳಾದರೂ ಹಳೆಯದನ್ನು ಮುಟ್ಟದೆ, ಸ್ಥಿರವಿದ್ಯುತ್ ತಡೆಯುವ ಚೀಲದಲ್ಲಿ, ಯಾವ ಯಂತ್ರದ್ದು ಮತ್ತು ಯಾವ ದಿನ ಬಿಚ್ಚಿದ್ದು ಎಂದು ಮೇಲೆ ಬರೆದು ಇಡಿ. ಆಮೇಲೆ ಮಾರುವುದಾದರೆ ಬರೀ ಡಿಲೀಟ್ ಅಥವಾ ಕ್ವಿಕ್ ಫಾರ್ಮ್ಯಾಟ್ ಸಾಲದು, ಅದು ಹೆಸರುಗಳ ಪಟ್ಟಿಯನ್ನಷ್ಟೇ ಅಳಿಸುತ್ತದೆ. ವಿಂಡೋಸ್‌ನ ಡಿಸ್ಕ್‌ಪಾರ್ಟ್‌ನಲ್ಲಿ ಕ್ಲೀನ್ ಆಲ್ ಎಂಬ ಆಜ್ಞೆ ಡಿಸ್ಕಿನ ಉದ್ದಕ್ಕೂ ಸೊನ್ನೆ ಬರೆಯುತ್ತದೆ; ಅದನ್ನು ಕೊಡುವ ಮುನ್ನ ಇಲ್ಲಿಯೂ ಸೀರಿಯಲ್ ಸಂಖ್ಯೆ ಹೋಲಿಸಿ. ಪೂರ್ತಿ ಕೆಟ್ಟ ಡಿಸ್ಕನ್ನು ಕಸದ ತೊಟ್ಟಿಗೆ ಎಸೆಯದೆ, 2022ರ ಇ-ತ್ಯಾಜ್ಯ ನಿಯಮಗಳಡಿ ನೋಂದಾಯಿಸಿದ ಮರುಬಳಕೆದಾರರಿಗೆ ತಲುಪಿಸಿ. ಗ್ರಾಹಕರ ಫೋಟೋ, ಆಧಾರ್ ಪ್ರತಿ, ಬ್ಯಾಂಕಿನ ವಿವರಗಳಿದ್ದ ಡಿಸ್ಕ್ ಅದಾಗಿದ್ದರೆ ಕೊಡುವ ಮುನ್ನ ಒಳಗಿನ ತಟ್ಟೆಗೆ ತಾಗುವಂತೆ ಡ್ರಿಲ್ಲಿನಿಂದ ಎರಡು ಮೂರು ತೂತು ಕೊರೆಯಿರಿ. ಲ್ಯಾಪ್‌ಟಾಪ್ ಡಿಸ್ಕುಗಳ ತಟ್ಟೆ ಹೆಚ್ಚಾಗಿ ಗಾಜಿನದು, ಸಿಡಿಯುತ್ತದೆ. ಕಣ್ಣಿಗೆ ಕನ್ನಡಕ ಹಾಕಿಕೊಂಡು, ಡಿಸ್ಕಿಗೆ ಗೋಣಿಚೀಲ ಸುತ್ತಿ ಕೊರೆಯಿರಿ.